‘ನೋವಾದ್ರೆ ಮಾತ್ರೆ ತಗೊಳ್ಳಿ’ ಅನ್ನಬೇಡಿ: ಡೇ ಕೇರ್ ವಾರ್ಡಿಗೆ ಹೊಸದಾಗಿ ಬಂದ ನರ್ಸ್‌ಗಳಿಗೆ

ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಸಂಜೆ 5 ಗಂಟೆಗೆ ನಗುನಗುತ್ತಾ ಮನೆಗೆ ಹೋದ ರೈತರೊಬ್ಬರು ರಾತ್ರಿ 2 ಗಂಟೆಗೆ ಮಗನ ಹೆಗಲಿಗೆ ಜೋತುಬಿದ್ದು ಕ್ಯಾಶುವಾಲ್ಟಿಗೆ ವಾಪಸ್ ಬಂದರು. ಗಾಯಕ್ಕೆ ಏನೂ ಆಗಿರಲಿಲ್ಲ. ರಕ್ತ ಇಲ್ಲ, ಊತ ಇಲ್ಲ, ಜ್ವರ ಇಲ್ಲ. ಬರೀ ನೋವು. ಜೇಬಿನಲ್ಲಿ ನಾವು ಕೊಟ್ಟ ಮಾತ್ರೆಯ ಸ್ಟ್ರಿಪ್ ಹಾಗೇ ಇತ್ತು, ಒಂದೂ ಬಿಚ್ಚಿರಲಿಲ್ಲ. ಯಾಕೆ ತಗೊಳ್ಳಲಿಲ್ಲ ಯಜಮಾನ್ರೇ ಅಂತ ಕೇಳಿದರೆ ಅವರು ಹೇಳಿದ್ದು ಇಷ್ಟು: “ನೋವಾದ್ರೆ ತಗೊಳ್ಳಿ ಅಂದಿದ್ರಲ್ಲಮ್ಮ. 8 ಗಂಟೆ ತನಕ ನೋವೇ ಇರ್ಲಿಲ್ಲ. ಆಮೇಲೆ ಸ್ವಲ್ಪ ಸ್ವಲ್ಪ ಶುರುವಾಯ್ತು, ಇಷ್ಟಕ್ಕೆಲ್ಲ ಯಾಕೆ ಮಾತ್ರೆ ಅಂತ ತಡ್ಕೊಂಡೆ. ತಡೆಯೋಕಾಗ್ದೇ ಹೋದಾಗ ವಾಂತಿ ಬರೋ ಹಾಗಾಯ್ತು, ನುಂಗೋಕೆ ಆಗ್ಲಿಲ್ಲ.”

ಹಾಗೆ ಹೇಳಿ ಕಳಿಸಿದವಳು ನಾನೇ. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಔಷಧಿ ತಪ್ಪಿರಲಿಲ್ಲ, ಡೋಸ್ ತಪ್ಪಿರಲಿಲ್ಲ, ಕೇಸ್ ಶೀಟ್‌ನಲ್ಲಿ ಎಲ್ಲ ಕಡೆ ಸಹಿ ಇತ್ತು. ತಪ್ಪಿದ್ದು ಒಂದು ಪದ. ‘ನೋವಾದ್ರೆ’ ಅಂದಿದ್ದೆ. ‘ನೋವು ಬರೋಕೆ ಮುಂಚೆ’ ಅನ್ನಬೇಕಿತ್ತು.

ಒಳರೋಗಿಗಳ ವಾರ್ಡಿನಲ್ಲಿ ನೋವು ನಮ್ಮ ಕಣ್ಣೆದುರಿಗೇ ಬರುತ್ತದೆ, ಬೆಲ್ ಒತ್ತಿದರೆ ಯಾರಾದರೂ ಓಡಿ ಹೋಗುತ್ತೇವೆ. ಡೇ ಕೇರ್‌ನಲ್ಲಿ ಹಾಗಲ್ಲ. ಬೆಳಿಗ್ಗೆ ಬಂದು ಸಂಜೆ ಹೋಗುವ ಹರ್ನಿಯಾ, ಪೈಲ್ಸ್, ಹೈಡ್ರೋಸೀಲ್, ಎದೆಯ ಗಂಟು, ಮಂಡಿ ಆರ್ಥ್ರೋಸ್ಕೋಪಿ, ಮಕ್ಕಳ ಸುನ್ನತಿ, ಇವರೆಲ್ಲರ ನೋವಿನ ದೊಡ್ಡ ಪಾಲು ನಾವು ಯೂನಿಫಾರ್ಮ್ ಬಿಚ್ಚಿ ಮನೆಯಲ್ಲಿ ಊಟಕ್ಕೆ ಕೂತಿರುವಾಗ, ಎಲ್ಲೋ 40 ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಶುರುವಾಗುತ್ತದೆ. ಆಗ ಅವರ ಹತ್ತಿರ ಇರುವುದು ಎರಡೇ. ಒಂದು ಸ್ಟ್ರಿಪ್, ಇನ್ನೊಂದು ನಾವು ಹೇಳಿದ ಮಾತು. ಆ ಮಾತನ್ನು ಹೇಗೆ ಕಟ್ಟಿ ಕಳಿಸಬೇಕು ಅನ್ನುವುದೇ ಈ ಬರಹ.

ಮೊದಲು ಗಡಿಯಾರ ಅರ್ಥ ಮಾಡಿಕೊಳ್ಳಿ

ಆಪರೇಷನ್ ಆದ ತಕ್ಷಣ ಪೇಷೆಂಟ್ ಆರಾಮಾಗಿರುವುದು ನಮ್ಮ ಸಾಮರ್ಥ್ಯದಿಂದ ಅಲ್ಲ, ಮರಗಟ್ಟಿಸುವ ಔಷಧಿಯಿಂದ. ಗಾಯದ ಸುತ್ತ ಬ್ಯುಪಿವಕೇನ್ ಚುಚ್ಚಿದ್ದರೆ ಸುಮಾರು 4ರಿಂದ 8 ಗಂಟೆ ಹಿಡಿಯುತ್ತದೆ. ಬೆನ್ನಿಗೆ ಕೊಡುವ ಸ್ಪೈನಲ್ ಸಾಮಾನ್ಯವಾಗಿ 2ರಿಂದ 4 ಗಂಟೆಯಲ್ಲಿ ಇಳಿಯುತ್ತದೆ. ಕೈಗೋ ಕಾಲಿಗೋ ನರದ ಬ್ಲಾಕ್ ಕೊಟ್ಟಿದ್ದರೆ 12 ಗಂಟೆ, ಕೆಲವೊಮ್ಮೆ 24 ಗಂಟೆ ತನಕ ಆ ಭಾಗ ಕಟ್ಟಿಗೆಯ ಹಾಗಿರುತ್ತದೆ. ಇದು ಇಳಿದಾಗ ನೋವು ನಿಧಾನವಾಗಿ ಬರುವುದಿಲ್ಲ, ಅಣೆಕಟ್ಟಿನ ಬಾಗಿಲು ತೆಗೆದ ಹಾಗೆ ನುಗ್ಗುತ್ತದೆ. ಅದರಲ್ಲೂ ಬ್ಲಾಕ್ ಬಿಟ್ಟ ಮೇಲಿನ ನೋವು ಬಹಳ ಕೆಟ್ಟದ್ದು, ಅದು ಬರುವುದೂ ಹೆಚ್ಚಾಗಿ ನಡುರಾತ್ರಿಯಲ್ಲೇ.

ಬಾಯಿಂದ ತಗೊಳ್ಳುವ ಮಾತ್ರೆ ಕೆಲಸ ಶುರುಮಾಡೋಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಂದರೆ ನೋವು ತಲೆಗೇರಿದ ಮೇಲೆ ನುಂಗಿದರೆ ಆ ಒಂದು ಗಂಟೆ ನರಕ. ಹಾಗಾಗಿ ಪ್ರತಿ ಪೇಷೆಂಟಿಗೂ ನೀವೇ ಒಂದು ಲೆಕ್ಕ ಹಾಕಿ. ಔಷಧಿ ಕೊಟ್ಟದ್ದು ಎಷ್ಟು ಗಂಟೆಗೆ, ಇಳಿಯುವುದು ಹೆಚ್ಚುಕಡಿಮೆ ಯಾವಾಗ, ಮೊದಲ ಮಾತ್ರೆ ಅದಕ್ಕಿಂತ ಒಂದು ಗಂಟೆ ಮುಂಚೆ. ಅನಸ್ತೇಶಿಯಾ ಡಾಕ್ಟರ ಹತ್ತಿರ ಬ್ಲಾಕ್ ಎಷ್ಟು ಹೊತ್ತು ಹಿಡಿಯಬಹುದು ಅಂತ ಕೇಳಿ ಬರೆದುಕೊಳ್ಳಿ, ನಾಚಿಕೆ ಬೇಡ. ಪೇಷೆಂಟಿಗೆ ಹೇಳುವಾಗ ಗಡಿಯಾರದ ಹೊತ್ತನ್ನೇ ಹೇಳಿ: “ಅಣ್ಣ, ಈಗ ನೋವಿಲ್ಲ, ಅದು ಇಂಜೆಕ್ಷನ್ ಮಹಿಮೆ. ರಾತ್ರಿ 9ರ ಹೊತ್ತಿಗೆ ಅದು ಇಳಿಯುತ್ತೆ. ನೀವು 8ಕ್ಕೆ ಊಟ ಮಾಡಿ ಈ ಮಾತ್ರೆ ನುಂಗ್ಬೇಕು. ನೋವಿರಲಿ, ಇಲ್ಲದಿರಲಿ.” ಕೊನೆಯ ಆ ಎರಡು ಪದ ಬಿಡಬೇಡಿ.

ಓಟಿಗೆ (ಆಪರೇಷನ್ ಥಿಯೇಟರಿಗೆ) ಹೋಗುವ ಮೊದಲೇ ಮಾತಾಡಿ

ಇದನ್ನು ನಾನು ತುಂಬ ತಡವಾಗಿ ಕಲಿತೆ. ಎಷ್ಟೋ ಕಡೆ ಓಟಿಯಲ್ಲಿ ಮಿಡಜೋಲಂ ಕೊಡುತ್ತಾರೆ. ಅದು ಆತಂಕ ಇಳಿಸುತ್ತದೆ, ಜೊತೆಗೆ ಆಮೇಲೆ ಕೆಲ ಹೊತ್ತು ನಡೆದದ್ದನ್ನೂ ಮರೆಸುತ್ತದೆ. ಪೇಷೆಂಟ್ ಕಣ್ಣು ಬಿಟ್ಟು, ತಲೆ ಆಡಿಸಿ, “ಸರಿ ಸಿಸ್ಟರ್, ಸರಿ ಸಿಸ್ಟರ್” ಅನ್ನುತ್ತಾ ಇರುತ್ತಾರೆ, ಮನೆಗೆ ಹೋದರೆ ಒಂದೂ ನೆನಪಿರುವುದಿಲ್ಲ. ಅದು ಅವರ ತಪ್ಪಲ್ಲ. ಹಾಗಾಗಿ ನೋವಿನ ಬಗ್ಗೆ ಮುಖ್ಯ ಮಾತು ಬೆಳಿಗ್ಗೆಯೇ ಆಗಬೇಕು, ಕ್ಯಾನುಲಾ ಹಾಕುವಾಗಲೋ ಗೌನ್ ಕೊಡುವಾಗಲೋ. ಸಂಜೆ ಅದನ್ನೇ ಇನ್ನೊಮ್ಮೆ ಹೇಳಿ, ಆಗ ಅಟೆಂಡರ್, ಅಂದರೆ ಜೊತೆಗೆ ಬಂದ ಮನೆಯವರು, ಪಕ್ಕದಲ್ಲಿ ಇರಲೇಬೇಕು.

ಬೆಳಿಗ್ಗೆ ಏನು ಹೇಳುವುದು? ‘ನೋವೇ ಇರಲ್ಲ, ಭಯ ಪಡಬೇಡಿ’ ಅನ್ನುವುದು ನಮ್ಮೆಲ್ಲರ ಬಾಯಲ್ಲಿ ತಾನಾಗಿ ಬರುತ್ತದೆ. ಸುಳ್ಳು ಅದು. ಸಂಜೆ ನೋವಾದಾಗ ಆಪರೇಷನ್ನೇ ಕೆಟ್ಟಿದೆ ಅಂತ ಅವರು ಹೆದರುತ್ತಾರೆ, ಮುಂದೆ ನೀವು ಏನು ಹೇಳಿದರೂ ನಂಬುವುದಿಲ್ಲ. ‘ತುಂಬಾ ನೋವಾಗುತ್ತೆ, ತಡ್ಕೋಬೇಕು’ ಅನ್ನುವುದೂ ಬೇಡ, ಹೆದರಿಸಿದಷ್ಟೂ ನೋವು ಜಾಸ್ತಿಯೇ ಆಗುತ್ತದೆ. ನಡುವಿನ ಮಾತು ಹೀಗೆ: “ನೋವು ಇರುತ್ತೆ. ಆದ್ರೆ ಎದ್ದು ಬಾತ್‌ರೂಮಿಗೆ ಹೋಗಿಬರೋಕೆ, ಊಟ ಮಾಡೋಕೆ, ಮಲಗೋಕೆ ಆಗೋಷ್ಟು ಇಳಿಸ್ತೀವಿ. ಅದಕ್ಕಿಂತ ಜಾಸ್ತಿ ಇದ್ರೆ ನಮಗೆ ಹೇಳ್ಬೇಕು, ಅದು ನಿಮ್ಮ ಕೆಲಸ.” ಪೂರ್ತಿ ನೋವು ಹೋಗುವುದು ಗುರಿಯಲ್ಲ, ಓಡಾಡುವಷ್ಟು ಇಳಿಯುವುದು ಗುರಿ. ಇದು ಮೊದಲೇ ಗೊತ್ತಿದ್ದವರು ಸಂಜೆ ಗಾಬರಿಯಾಗುವುದು ಕಡಿಮೆ.

ಅದೇ ಹೊತ್ತಲ್ಲಿ ನಾಲ್ಕು ವಿಷಯ ಕೇಳಿಬಿಡಿ. ಹೊಟ್ಟೆಯಲ್ಲಿ ಹುಣ್ಣು ಇತ್ತಾ, ಕಿಡ್ನಿ ತೊಂದರೆ ಇದೆಯಾ, ನೋವಿನ ಮಾತ್ರೆ ತಗೊಂಡು ಯಾವತ್ತಾದರೂ ಉಬ್ಬಸ ಬಂದಿತ್ತಾ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಾರಾ. ಇದರಲ್ಲಿ ಒಂದಕ್ಕೆ ‘ಹೌದು’ ಬಂದರೂ ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆ ಕೊಡುವ ಮುಂಚೆ ಡಾಕ್ಟರಿಗೆ ತಿಳಿಸಿ. ಫಿಟ್ಸ್ ಇದ್ದವರಿಗೆ ಟ್ರಮಡಾಲ್ ಅನ್ನುವ ಜೋರು ನೋವಿನ ಔಷಧಿ ಬರೆದಿದ್ದರೆ ಅದನ್ನೂ ಹೇಳಿ. ಪೇಷೆಂಟ್‌ಗಳು ಇದನ್ನೆಲ್ಲ ತಾವಾಗಿ ಹೇಳುವುದಿಲ್ಲ. ಗ್ಯಾಸ್ಟ್ರಿಕ್ ಅಂದರೆ ನಮ್ಮಲ್ಲಿ ಕಾಯಿಲೆಯೇ ಅಲ್ಲ ಅಲ್ವಾ.

ನೋವು ಕೇಳುವ ವಿದ್ಯೆ

“ನೋವಿದೆಯಾ?” ಅಂತ ಕೇಳಿದರೆ ನಮ್ಮ ಜನ ಎರಡು ಉತ್ತರ ಕೊಡುತ್ತಾರೆ. ಒಂದು, “ಏನಿಲ್ಲ ಬಿಡ್ರಿ.” ಇನ್ನೊಂದು, “ಇರುತ್ತಲ್ವಾ ಸಿಸ್ಟರ್, ಕುಯ್ದಿದ್ದಾರಲ್ಲ.” ಎರಡರಿಂದಲೂ ನಿಮಗೆ ಏನೂ ತಿಳಿಯುವುದಿಲ್ಲ. ನೋವು ಅಂದರೆ ಡಿಸ್ಚಾರ್ಜ್ ಮಾಡುವುದಿಲ್ಲ, ಒಂದು ದಿನದ ಬಿಲ್ ಏರುತ್ತದೆ ಅನ್ನುವ ಹೆದರಿಕೆ ಕೆಲವರಿಗೆ. ಇನ್ನೊಂದು ಇಂಜೆಕ್ಷನ್ ಚುಚ್ಚುತ್ತಾರೆ ಅಂತ ಕೆಲವರಿಗೆ. ಹೆಣ್ಣುಮಕ್ಕಳು, “ಹೆರಿಗೆ ನೋವೇ ತಡ್ಕೊಂಡಿದೀನಿ, ಇದೇನು ಮಹಾ” ಅನ್ನುತ್ತಾರೆ, ಅಷ್ಟು ಹೇಳುವಾಗಲೂ ಕೈ ಮಂಚದ ಕಂಬಿ ಬಿಗಿಯಾಗಿ ಹಿಡಿದಿರುತ್ತದೆ. ಟ್ಯುಬೆಕ್ಟಮಿಗೆ (ಮಕ್ಕಳಾಗದ ಹಾಗೆ ಮಾಡುವ ಆಪರೇಷನ್‌ಗೆ) ಬರುವ ಚಿಕ್ಕ ವಯಸ್ಸಿನ ತಾಯಂದಿರಲ್ಲಿ ಇದು ತುಂಬ. ಪಕ್ಕದಲ್ಲಿ ಅತ್ತೆ ಕೂತಿದ್ದರೆ ಬಾಯಿ ಬಿಡುವುದೇ ಇಲ್ಲ. ಅತ್ತೆಯನ್ನು ಬಿಲ್ ಕೌಂಟರಿಗೋ ಫಾರ್ಮಸಿಗೋ ಕಳಿಸಿ, ಆಮೇಲೆ ಕೇಳಿ.

ಸೊನ್ನೆಯಿಂದ ಹತ್ತರ ಅಳತೆ ಎಲ್ಲರೂ ಕಲಿತಿರುತ್ತೇವೆ. ಓದಿದವರಿಗೆ ಸರಿ, ಎಷ್ಟೋ ಅಜ್ಜ ಅಜ್ಜಿಯರಿಗೆ ಅದು ತಲೆಗೆ ಹೋಗುವುದಿಲ್ಲ. ಅವರಿಗೆ ನಾನು ಆಣೆ ಲೆಕ್ಕದಲ್ಲಿ ಕೇಳುತ್ತೇನೆ. “ಅಜ್ಜಿ, ತಡೆಯೋಕೇ ಆಗದ ನೋವು ಹದಿನಾರಾಣೆ ಅಂತಿಟ್ಕೊಳ್ಳಿ, ಈಗ ಎಷ್ಟಾಣೆ ಇದೆ?” “ಹನ್ನೆರಡಾಣೆ ಐತವ್ವ” ಅಂತ ತಟ್ಟನೆ ಹೇಳುತ್ತಾರೆ. ಔಷಧಿ ಕೊಟ್ಟ ಮೇಲೆ, “ಈಗ ನಾಲ್ಕಾಣೆ ಉಳಿದದೆ.” ಕೇಸ್ ಶೀಟ್‌ನಲ್ಲಿ ಅದನ್ನು ಹತ್ತರ ಲೆಕ್ಕಕ್ಕೆ ತಿರುಗಿಸಿ ಬರೆದುಕೊಳ್ಳಿ. ಹನ್ನೆರಡಾಣೆ ಅಂದರೆ ಏಳೂವರೆ, ಎಂಟು ಅಂತ ಹಿಡಿಯಿರಿ. ಯಾವ ಟೆಕ್ಸ್ಟ್ ಬುಕ್ಕಿನಲ್ಲೂ ಇದಿಲ್ಲ, ಆದರೆ ನನಗೆ ಇದಕ್ಕಿಂತ ನಂಬಿಕೆಯ ಅಳತೆ ಸಿಕ್ಕಿಲ್ಲ. ಯಾವ ಅಳತೆಯಾದರೂ ಆಗಲಿ, ಒಬ್ಬರಿಗೆ ಕೊನೆವರೆಗೂ ಒಂದನ್ನೇ ಬಳಸಿ. ಬೆಳಗಿನ ಸಿಸ್ಟರ್ ಆಣೆಯಲ್ಲಿ ಕೇಳಿ ಮಧ್ಯಾಹ್ನದ ಸಿಸ್ಟರ್ ಹತ್ತರಲ್ಲಿ ಕೇಳಿದರೆ ಏರಿತೋ ಇಳಿಯಿತೋ ಗೊತ್ತಾಗುವುದಿಲ್ಲ.

ಮಕ್ಕಳಿಗೆ ವಾಂಗ್-ಬೇಕರ್ ಮುಖಗಳ ಚಾರ್ಟ್ ಇದೆ, ನಗುವ ಮುಖದಿಂದ ಅಳುವ ಮುಖದ ತನಕ ಆರು ಚಿತ್ರ, 3 ವರ್ಷ ದಾಟಿದ ಮಗು ಬೆರಳಿಟ್ಟು ತೋರಿಸುತ್ತದೆ. ದೊಡ್ಡ ಗಂಡಸರಿಗೆ ಇದನ್ನು ಹಿಡಿಯಬೇಡಿ. ಕಣ್ಣೀರಿನ ಮುಖ ನೋಡಿ, “ನಾನ್ಯಾಕೆ ಅಳ್ಲಿ” ಅಂತ ಎರಡನೇ ಮುಖ ತೋರಿಸಿಬಿಡುತ್ತಾರೆ.

ಇನ್ನೊಂದು ಮುಖ್ಯ ವಿಷಯ, ಮಲಗಿರುವಾಗ ಮಾತ್ರ ಕೇಳಬೇಡಿ. ಹೊಟ್ಟೆ ಆಪರೇಷನ್ ಆದವರು ಅಲ್ಲಾಡದೆ ಮಲಗಿದ್ದರೆ 2 ಅನ್ನುತ್ತಾರೆ, ಕೆಮ್ಮಿಸಿದರೆ 7. ಮನೆಗೆ ಹೋಗಿ ಅವರು ಅಲ್ಲಾಡದೆ ಇರುವುದಿಲ್ಲವಲ್ಲ. ಎದ್ದು ಕೂರಿಸಿ ಕೇಳಿ, ನಾಲ್ಕು ಹೆಜ್ಜೆ ನಡೆಸಿ ಕೇಳಿ. ಔಷಧಿ ಕೊಟ್ಟ ಮೇಲೆ ಮತ್ತೆ ಹೋಗಿ ಕೇಳುವುದು ಅರ್ಧದಷ್ಟು ಜನ ಮರೆಯುವ ಕೆಲಸ. ರಕ್ತನಾಳಕ್ಕೆ ಕೊಟ್ಟಿದ್ದರೆ ಹದಿನೈದು ನಿಮಿಷದಿಂದ ಅರ್ಧ ಗಂಟೆಯೊಳಗೆ, ಮಾತ್ರೆಯಾದರೆ ಒಂದು ಗಂಟೆಗೆ.

ಯಾವ ಪದ ಬಳಸುತ್ತಾರೆ ಅನ್ನುವುದಕ್ಕೂ ಕಿವಿಗೊಡಿ. ‘ಉರಿ’ ಅಂದರೆ ಗಾಯದ ಚರ್ಮವೋ ನರವೋ. ‘ಸಿಡಿತ’ ಅಂದರೆ ಒಳಗೆ ಊತ ಕಟ್ಟುತ್ತಿರಬಹುದು, ಡ್ರೆಸ್ಸಿಂಗ್ ಬಿಗಿಯಾಗಿದೆಯಾ ನೋಡಿ. ‘ಚಳಕು’ ಅಂದರೆ ಹೊರಳುವಾಗ ಬಂದು ಹೋಗುವಂಥದ್ದು. ‘ಹಿಂಡಿದ ಹಾಗೆ’ ಅಂದರೆ ಗ್ಯಾಸೋ ಮೂತ್ರಕೋಶವೋ. ‘ಜೋಮು’ ಅಂದರೆ ಮರಗಟ್ಟಿದ್ದು ಇನ್ನೂ ಪೂರ್ತಿ ಬಿಟ್ಟಿಲ್ಲ, ಆದರೆ ಪ್ಲಾಸ್ಟರ್ ಹಾಕಿದ ಕೈಯಲ್ಲಿ ಜೋಮು ಅಂದರೆ ಬೆರಳಿನ ಬಣ್ಣ ನೋಡಿ, ಬೆರಳು ಬಿಡಿಸಿದಾಗ ಜೀವ ಹೋಗುವ ಹಾಗೆ ಕಿರುಚಿದರೆ ತಕ್ಷಣ ಡಾಕ್ಟರನ್ನು ಕರೆಯಿರಿ. ಧಾರವಾಡದ ಕಡೆಯವರು ‘ಬ್ಯಾನಿ’ ಅನ್ನುತ್ತಾರೆ, ‘ತ್ರಾಸ ಆಗಾಕತ್ತೈತ್ರಿ’ ಅಂದರೆ ಬರೀ ನೋವಲ್ಲ, ಉಸಿರಿನ ಕಷ್ಟವೂ ಇರಬಹುದು, ಎಲ್ಲಿ ಅಂತ ಕೈ ಇಟ್ಟು ತೋರಿಸಲು ಹೇಳಿ. ಕನ್ನಡ ಬಾರದ ಪೇಷೆಂಟ್ ಬಂದರೆ, ಅಥವಾ ನಿಮಗೇ ಕನ್ನಡ ಹೊಸದಾಗಿದ್ದರೆ, ಹೌಸ್ ಕೀಪಿಂಗ್ ಅಕ್ಕನನ್ನೋ ಪಕ್ಕದ ಬೆಡ್ಡಿನವರನ್ನೋ ಕೇಳಿ. ಬೆಂಗಳೂರಿನ ವಾರ್ಡುಗಳಲ್ಲಿ ಕೇರಳದ ಹುಡುಗಿಯರು ‘ನೋವು ಎಲ್ಲಿ? ಎಷ್ಟು? ಎದ್ದರೆ ಜಾಸ್ತಿನಾ?’ ಅನ್ನುವ ಮೂರು ಪ್ರಶ್ನೆಯಲ್ಲೇ ದಿನ ತಳ್ಳುವುದು ನೋಡಿದ್ದೇನೆ. ಪರವಾಗಿಲ್ಲ, ಕೇಳುವ ಮನಸ್ಸಿದ್ದರೆ ಮೂರು ಪ್ರಶ್ನೆಯೂ ದೂರ ಹೋಗುತ್ತವೆ.

ಅಂದಹಾಗೆ, ‘ನಾಟಕ ಮಾಡ್ತಾರೆ’ ಅನ್ನುವ ಮಾತು ನರ್ಸಿಂಗ್ ಸ್ಟೇಷನ್ನಿನಲ್ಲಿ ಆಗಾಗ ಕೇಳಿಬರುತ್ತದೆ. ಮಾರ್ಗೋ ಮೆಕ್‌ಕ್ಯಾಫ್ರಿ ಅನ್ನುವ ಅಮೆರಿಕದ ನರ್ಸ್ 1968ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಅನುಭವಿಸುವವರು ನೋವಿದೆ ಅಂದರೆ ಇದೆ, ಎಷ್ಟು ಅಂತಾರೋ ಅಷ್ಟಿದೆ. ಅಷ್ಟೇ.

ಎಲ್ಲ ನೋವೂ ಗಾಯದ್ದಲ್ಲ

ಪೇಷೆಂಟ್ ಒದ್ದಾಡುತ್ತಿದ್ದಾರೆ, ಗಾಯ ಚೆನ್ನಾಗಿದೆ, ಇಂಜೆಕ್ಷನ್ ಕೊಟ್ಟರೂ ಇಳಿಯುತ್ತಿಲ್ಲ. ಮೊದಲು ಕೆಳಹೊಟ್ಟೆ ಮುಟ್ಟಿ ನೋಡಿ. ಸ್ಪೈನಲ್ ಆದವರಲ್ಲಿ, ಹರ್ನಿಯಾ, ಪೈಲ್ಸ್ ಆದವರಲ್ಲಿ ಮೂತ್ರ ಕಟ್ಟಿಕೊಳ್ಳುವುದು ತುಂಬ ಸಾಮಾನ್ಯ. ಸ್ಪರ್ಶ ಪೂರ್ತಿ ಬಂದಿರುವುದಿಲ್ಲ, ಮೂತ್ರ ಬರುತ್ತಿದೆ ಅಂತಲೂ ಗೊತ್ತಾಗುವುದಿಲ್ಲ, ಬರೀ ಹಿಂಸೆ. ಕೆಲವರಿಗೆ ಮಲಗಿಕೊಂಡು ಪ್ಯಾನಿನಲ್ಲಿ ಹೋಗಲು ಆಗುವುದೇ ಇಲ್ಲ, ಎಬ್ಬಿಸಿ ಬಾತ್‌ರೂಮಿಗೆ ಕರೆದುಕೊಂಡು ಹೋಗಿ ನಲ್ಲಿ ತಿರುಗಿಸಿದರೆ ಕೆಲಸ ಮುಗಿಯಿತು. ಆಗದಿದ್ದರೆ ಡಾಕ್ಟರಿಗೆ ಹೇಳಿ.

ಲ್ಯಾಪ್ರೋಸ್ಕೋಪಿ ಆದವರಿಗೆ ಭುಜ ನೋಯುತ್ತದೆ. ಹೊಟ್ಟೆ ಉಬ್ಬಿಸಲು ಬಿಟ್ಟ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯನ್ನು, ಕೆಣಕುತ್ತದೆ, ವಪೆಯ ನರ ಮತ್ತು ಭುಜದ ನರ ಕತ್ತಿನಲ್ಲಿ ಒಂದೇ ಕಡೆಯಿಂದ ಹೊರಡುವುದರಿಂದ ನೋವು ಭುಜದಲ್ಲಿ ಕಾಣಿಸುತ್ತದೆ. ಮೊದಲೇ ಹೇಳದಿದ್ದರೆ ರಾತ್ರಿ ಇದನ್ನು ಹಾರ್ಟ್ ಅಟ್ಯಾಕ್ ಅಂದುಕೊಂಡು ಇಡೀ ಮನೆ ಎದ್ದು ಕೂರುತ್ತದೆ. “ಒಂದೆರಡು ದಿನ ಭುಜ ನೋಯಬಹುದು, ಗ್ಯಾಸಿನಿಂದ, ಓಡಾಡಿದರೆ, ಮಲಗಿದರೆ ಕಡಿಮೆಯಾಗುತ್ತೆ. ಎದೆ ಒತ್ತಿದ ಹಾಗಾಗಿ ಉಸಿರು ಕಟ್ಟಿದ್ರೆ ಮಾತ್ರ ಅದು ಬೇರೆ, ಕಾಯಬೇಡಿ, 108ಕ್ಕೆ ಫೋನ್ ಮಾಡಿ.” ಇಷ್ಟು ಹೇಳಿ.

ಸ್ಪೈನಲ್ ಆದವರಿಗೆ ಮೂರು ದಿನದೊಳಗೆ ತಲೆನೋವು ಬರಬಹುದು. ಕೂತರೆ ನಿಂತರೆ ಜಾಸ್ತಿ, ಮಲಗಿದರೆ ಹೋಗುತ್ತದೆ, ಅದೇ ಗುರುತು. ಅದಕ್ಕೆ ಅಂಗಡಿಯಿಂದ ಸ್ಯಾರಿಡಾನ್ ತಂದು ನುಂಗುತ್ತಾ ಕೂರುವ ಬದಲು ನಮಗೆ ಫೋನ್ ಮಾಡಲಿ.

ಪೈಲ್ಸ್ ಪೇಷೆಂಟ್‌ಗಳದ್ದು ಬೇರೆಯೇ ಕಥೆ. ಅವರಿಗೆ ನೋವಿಗಿಂತ ಮೊದಲ ಸಲ ಟಾಯ್ಲೆಟ್‌ಗೆ ಹೋಗುವುದರ ಭಯ. ಆ ಭಯಕ್ಕೆ ಊಟ ಬಿಡುತ್ತಾರೆ, ನೀರು ಬಿಡುತ್ತಾರೆ, ಮಲ ಗಟ್ಟಿಯಾಗಿ ಭಯಪಟ್ಟದ್ದೇ ಆಗುತ್ತದೆ. ಟ್ರಮಡಾಲ್ ಕೊಟ್ಟಿದ್ದರೆ ಅದೂ ಮಲ ಕಟ್ಟಿಸುತ್ತದೆ. ಬಿಸಿಬಿಸಿ ಅನ್ನ ಸಾರು, ತರಕಾರಿ, ಚೆನ್ನಾಗಿ ನೀರು, ಡಾಕ್ಟರ್ ಬರೆದ ಇಸಬ್‌ಗೋಲ್ ಅಥವಾ ಸಿರಪ್ ಬಿಡದೆ ತಗೊಳ್ಳಲಿ. ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಹತ್ತು ಹದಿನೈದು ನಿಮಿಷ ಕೂರುವುದನ್ನು ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಸಿಟ್ಜ್ ಬಾತ್’ ಅಂತ ಬರೆದಿರುತ್ತಾರೆ, ಅದನ್ನು ಸೀಟಿನ ಮೇಲೆ ಕೂತು ಸ್ನಾನ ಮಾಡುವುದು ಅಂದುಕೊಂಡವರೊಬ್ಬರನ್ನು ನಾನು ಕಂಡಿದ್ದೇನೆ. ಟಬ್ ಎಷ್ಟು ದೊಡ್ಡದಿರಬೇಕು ಅಂತ ಕೈಯಲ್ಲಿ ತೋರಿಸಿ.

ಪಥ್ಯದ ವಿಷಯಕ್ಕೆ ಮನೆಯವರ ಜೊತೆ ಜಗಳ ಬೇಡ. ಬದನೆಕಾಯಿ ನಂಜು, ಮೊಸರು ಶೀತ ಅಂತಾರೆ, ಬಿಡಲಿ. ಹಸಿದ ಹೊಟ್ಟೆಯಲ್ಲಿ ಮಾತ್ರೆ ನುಂಗದಿದ್ದರೆ ಸಾಕು. ಆದರೆ ಗಾಯಕ್ಕೆ ಅರಿಶಿನ, ಹೊಲಿಗೆ ಮೇಲೆ ಬಿಸಿ ಶಾಖ, ‘ಒಂದು ಕ್ವಾರ್ಟರ್ ಹಾಕಿದ್ರೆ ನೋವೇ ಗೊತ್ತಾಗಲ್ಲ’ ಅನ್ನುವ ಭಾವಮೈದುನ, ಈ ಮೂರಕ್ಕೆ ಮಾತ್ರ ಖಡಾಖಂಡಿತ ಬೇಡ ಅನ್ನಿ. ಟ್ರಮಡಾಲ್ ಮೇಲೆ ಹೆಂಡ ಬಿದ್ದರೆ ಉಸಿರಾಟವೇ ಕುಸಿಯಬಹುದು.

ಡಾಕ್ಟರಿಗೆ ಫೋನ್ ಮಾಡುವಾಗ

“ಸರ್, 4ನೇ ಬೆಡ್ಡಿಗೆ ನೋವಂತೆ” ಅಂದರೆ “ಪ್ಯಾರಾಸಿಟಮಾಲ್ ಕೊಡಿ” ಅಂತ ಫೋನ್ ಇಡುತ್ತಾರೆ, ನೀವು ಅದನ್ನು ಆಗಲೇ ಕೊಟ್ಟಿರುತ್ತೀರಿ. ಹೀಗೆ ಹೇಳಿ ನೋಡಿ: “ಸರ್, 4ನೇ ಬೆಡ್, ಪೈಲ್ಸ್, ಸ್ಪೈನಲ್ ಆಗಿ ನಾಲ್ಕು ಗಂಟೆ. 1 ಗಂಟೆಗೆ ಪ್ಯಾರಾಸಿಟಮಾಲ್ 1 ಗ್ರಾಂ ಐವಿ ಹೋಗಿದೆ. ಈಗ ಮಲಗಿದ್ರೆ 5, ಕೂತ್ರೆ 8. ಮೂತ್ರ ಹೋಗಿದೆ, ಡ್ರೆಸ್ಸಿಂಗ್ ಒಣಗಿದೆ, ಬಿಪಿ ಸರಿ ಇದೆ. ಕಿಡ್ನಿ, ಹುಣ್ಣು, ಉಬ್ಬಸ ಯಾವುದೂ ಇಲ್ಲ. ಇನ್ನೊಂದು ಏನಾದ್ರೂ ಕೊಡೋಣವಾ?” ಇಷ್ಟಕ್ಕೆ ಅರ್ಧ ನಿಮಿಷ ಸಾಕು. ಏನು ಬೇಕು ಅಂತ ಕೊನೆಗೆ ಕೇಳಲೇಬೇಕು, ಇಲ್ಲದಿದ್ದರೆ ಅದು ಬರೀ ಸುದ್ದಿ.

ಕಳಿಸುವ ಹೊತ್ತು

ಡಿಸ್ಚಾರ್ಜ್‌ಗೆ ಅಂಕ ಹಾಕುವ ಪದ್ಧತಿ ನಿಮ್ಮಲ್ಲೂ ಇರಬಹುದು. ಬಿಪಿ ನಾಡಿ, ನಡಿಗೆ, ವಾಂತಿ, ನೋವು, ರಕ್ತಸ್ರಾವ, ಒಂದೊಂದಕ್ಕೆ 2, ಒಟ್ಟು 10ರಲ್ಲಿ 9 ಬಂದರೆ ಮನೆಗೆ. ಅಂಕ ಬಂದರೂ ಎರಡು ವಿಷಯ ಆ ಹಾಳೆಯಲ್ಲಿ ಇರುವುದಿಲ್ಲ. ಮಾತ್ರೆ ಕೈಯಲ್ಲಿದೆಯಾ, ಮನೆ ಎಷ್ಟು ದೂರ. ಊರಿಗೆ ಹೋಗಿ ತಗೊಳ್ಳುತ್ತೇವೆ ಅಂದರೆ ಬಿಡಬೇಡಿ. ಹಳ್ಳಿ ಮೆಡಿಕಲ್ ಶಾಪ್ ರಾತ್ರಿ ಮುಚ್ಚಿರುತ್ತದೆ. ಸ್ಟ್ರಿಪ್ ಕಣ್ಣಲ್ಲಿ ನೋಡಿ ಕಳಿಸಿ. ದೂರದ ದಾರಿಯಾದರೆ ಹೊರಡುವ ಮುಕ್ಕಾಲು ಗಂಟೆ ಮುಂಚೆ ಒಂದು ಡೋಸ್ ಹೊಟ್ಟೆಯೊಳಗೆ ಇರುವ ಹಾಗೆ ಡಾಕ್ಟರನ್ನು ಕೇಳಿಕೊಳ್ಳಿ. ನಮ್ಮ ರೋಡ್ ಹಂಪ್‌ಗಳ ಮೇಲೆ ಆಟೋದಲ್ಲಿ ಹೊಸ ಹೊಲಿಗೆ ಹೊತ್ತು ಹೋಗುವುದು ಏನು ಅಂತ ಹೋದವರಿಗೇ ಗೊತ್ತು. ಒಂದು ದಿಂಬು ತರಲು ಬೆಳಿಗ್ಗೆಯೇ ಹೇಳಿ, ಹಂಪ್ ಬಂದಾಗ, ಕೆಮ್ಮು ಬಂದಾಗ ಹೊಟ್ಟೆಗೆ ಒತ್ತಿ ಹಿಡಿಯಲಿ. ಬಿಗಿ ಪ್ಯಾಂಟ್ ಬೇಡ, ಲುಂಗಿಯೋ ನೈಟಿಯೋ ಸಾಕು.

ಡಿಸ್ಚಾರ್ಜ್ ಸಮ್ಮರಿ ಇಂಗ್ಲಿಷಿನಲ್ಲಿರುತ್ತದೆ, ಅದನ್ನು ಫೈಲಿಗೆ ಹಾಕಿ ಬೀರುವಿನಲ್ಲಿ ಇಡುತ್ತಾರೆ. ನೀವು ಒಂದು ಚೀಟಿಯಲ್ಲಿ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ‘ರಾತ್ರಿ 8, ಬೆಳಗಿನ ಜಾವ 2, ಬೆಳಿಗ್ಗೆ 8’ ಅಂತ ಗಂಟೆ ಹಾಕಿ ಬರೆಯಿರಿ. ಓದು ಬಾರದವರಿಗೆ ಸೂರ್ಯ, ಚಂದ್ರ ಬರೆದು ಪಕ್ಕಕ್ಕೆ ಆ ಮಾತ್ರೆಯ ಖಾಲಿ ಹಾಳೆಯ ತುಂಡು ಅಂಟಿಸಿ. ಮೊದಲ ರಾತ್ರಿ ಅಲಾರ್ಮ್ ಇಟ್ಟು ಎದ್ದು ತಗೊಂಡರೂ ತಪ್ಪಿಲ್ಲ. ಇಲ್ಲದಿದ್ದರೆ ಬೆಳಿಗ್ಗೆ ಎದ್ದಾಗ ನೋವು ಮುಂದೆ ಓಡಿ ಹೋಗಿರುತ್ತದೆ, ಮಾತ್ರೆ ಹಿಂದೆ ಓಡಬೇಕಾಗುತ್ತದೆ.

ಮನೆಯಲ್ಲಿ ಇರುವ ಮಾತ್ರೆಗಳ ಬಗ್ಗೆ ಕೇಳುವುದು ಮರೆಯಬೇಡಿ. ಡೋಲೋ 650 ಇಲ್ಲದ ಮನೆ ಯಾವುದು? ನಾವು ಜೆರೋಡಾಲ್-ಪಿ ಕೊಟ್ಟಿರುತ್ತೇವೆ, ಅದರಲ್ಲೂ ಪ್ಯಾರಾಸಿಟಮಾಲ್ ಇದೆ. ಕಾಂಬಿಫ್ಲಾಂನಲ್ಲೂ ಇದೆ, ಅಲ್ಟ್ರಾಸೆಟ್‌ನಲ್ಲೂ ಇದೆ. ದೊಡ್ಡವರಿಗೆ ದಿನಕ್ಕೆ ಎಲ್ಲ ಸೇರಿ 4 ಗ್ರಾಂ ದಾಟಬಾರದು, ತೂಕ ಕಡಿಮೆ ಇದ್ದವರಿಗೆ, ಲಿವರ್ ತೊಂದರೆ ಇದ್ದವರಿಗೆ ಅದಕ್ಕಿಂತಲೂ ಕಡಿಮೆ. ಜೆರೋಡಾಲ್ ಜೊತೆ ಕಾಂಬಿಫ್ಲಾಂ ಸೇರಿದರೆ ಒಂದೇ ಜಾತಿಯ ಎರಡು ಔಷಧಿ, ಹೊಟ್ಟೆಗೂ ಕಿಡ್ನಿಗೂ ಕೆಟ್ಟದ್ದು. “ಪೇನ್ ಕಿಲ್ಲರ್ ತಿಂದ್ರೆ ಕಿಡ್ನಿ ಹೋಗುತ್ತಂತೆ” ಅಂತ ಯಾರಾದರೂ ಹೇಳಿದರೆ ನಗಬೇಡಿ, ಅದರಲ್ಲಿ ನಿಜವಿದೆ. ತಿಂಗಳಾನುಗಟ್ಟಲೆ, ಕೇಳದೆ ಕೇಳದೆ ತಿಂದರೆ ಹೋಗಬಹುದು, ಕಿಡ್ನಿ ಚೆನ್ನಾಗಿರುವವರು ಡಾಕ್ಟರ್ ಬರೆದ ಮೂರು ದಿನ ತಗೊಂಡರೆ ಸಾಮಾನ್ಯವಾಗಿ ತೊಂದರೆಯಿಲ್ಲ ಅಂತ ವಿವರಿಸಿ.

ಮಕ್ಕಳ ಸಿರಪ್‌ನಲ್ಲಿ ಇನ್ನೊಂದು ಅಪಾಯ. ಪ್ಯಾರಾಸಿಟಮಾಲ್ ಸಿರಪ್ 5 ಎಂಎಲ್‌ಗೆ 125 ಮಿಲಿಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಮನೆಯ ಹಳೇ ಬಾಟಲಿ, ನಮ್ಮ ಹೊಸ ಅಳತೆ ಸೇರಿದರೆ ಡೋಸ್ ಎರಡರಷ್ಟೋ ಅರ್ಧವೋ ಆಗುತ್ತದೆ. ಮಗುವಿನ ತೂಕದ ಪ್ರಕಾರ ಕೆಜಿಗೆ 15 ಮಿಲಿಗ್ರಾಂ ಲೆಕ್ಕ ಹಾಕಿರುತ್ತಾರೆ, ಯಾವ ಬಾಟಲಿ ಅಂತ ತೋರಿಸಿ, ಅಳೆಯುವ ಮುಚ್ಚಳದ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಕೊಡಿ.

ಎಲ್ಲ ಹೇಳಿದ ಮೇಲೆ “ಗೊತ್ತಾಯ್ತಾ?” ಅಂತ ಕೇಳಬೇಡಿ, ಎಲ್ಲರಿಗೂ ಗೊತ್ತಾಗಿರುತ್ತದೆ. ಬದಲಿಗೆ, “ಅಕ್ಕ, ಮನೆಗೆ ಹೋದ ಮೇಲೆ ಯಜಮಾನ್ರು ಕೇಳಿದ್ರೆ ಹೇಗೆ ಹೇಳ್ತೀರಿ, ನನಗೆ ಒಂದ್ಸಲ ಹೇಳಿ. ನಾನು ಸರಿಯಾಗಿ ಹೇಳಿದೀನಾ ನೋಡ್ಬೇಕು” ಅನ್ನಿ. ಪರೀಕ್ಷೆ ನಮಗೆ, ಅವರಿಗಲ್ಲ ಅಂತ ಆದರೆ ಹೇಳುತ್ತಾರೆ. ಅರ್ಧಕ್ಕೆ ನಿಂತರೆ ಅಲ್ಲಿಂದ ಮತ್ತೆ ಹೇಳಿ.

ಯಾವಾಗ ವಾಪಸ್ ಬರಬೇಕು ಅನ್ನುವುದನ್ನು ಅಟೆಂಡರಿಗೂ ಹೇಳಿ: ಡ್ರೆಸ್ಸಿಂಗ್ ತೊಯ್ದು ರಕ್ತ ಬಂದರೆ, 100.4 ಡಿಗ್ರಿ ದಾಟಿ ಜ್ವರ ಬಂದರೆ, ಆರು ಗಂಟೆ ಕಳೆದರೂ ಮೂತ್ರ ಹೋಗದಿದ್ದರೆ, ಮಾತ್ರೆಯೂ ನಿಲ್ಲದಷ್ಟು ವಾಂತಿ ಆದರೆ, ಒಂದು ಮೀನಖಂಡ ಊದಿ ನೋಯ್ದರೆ, ದಿನದಿಂದ ದಿನಕ್ಕೆ ಇಳಿಯಬೇಕಾದ ನೋವು ಮೂರನೇ ದಿನ ಏರತೊಡಗಿದರೆ. ಹರ್ನಿಯಾ ಆದವರಿಗೆ ವೃಷಣದ ಚೀಲ ಸ್ವಲ್ಪ ಊದಿ ನೀಲಿಯಾಗುವುದು ಇರುತ್ತದೆ ಅಂತ ಮೊದಲೇ ಹೇಳಿ, ಅದನ್ನು ಹೆಂಡತಿಗೂ ಹೇಳಲು ನಾಚಿ ಗಂಡಸರು ಒಳಗೊಳಗೇ ಕೊರಗುತ್ತಾರೆ.

ಮಾರನೇ ದಿನದ ಫೋನ್

ಆಸ್ಪತ್ರೆಯಲ್ಲಿ ಈ ಪದ್ಧತಿ ಇಲ್ಲದಿದ್ದರೆ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಕೇಳಿ ಶುರುಮಾಡಿಸಿ, ಐದು ನಿಮಿಷದ ಕೆಲಸ. ಫೋನ್ ತೆಗೆಯುವುದು ಹೆಚ್ಚಾಗಿ ಮಗ. “ಚೆನ್ನಾಗಿದಾರೆ ಮೇಡಂ” ಅಂತ ಇಡಲು ಹೊರಡುತ್ತಾನೆ. ಪೇಷೆಂಟ್ ಕೈಗೆ ಕೊಡಲು ಹೇಳಿ. “ಹೇಗಿದ್ದೀರಿ?” ಅನ್ನುವ ಪ್ರಶ್ನೆ ಬೇಡ. ರಾತ್ರಿ ನಿದ್ದೆ ಬಂತಾ, ಎಷ್ಟು ಸಲ ಎದ್ದಿರಿ, ಮೂತ್ರಕ್ಕೆ ಹೋದಿರಾ, ಬೆಳಿಗ್ಗೆ ಏನು ತಿಂದಿರಿ, ನಡೆದರೆ ಎಷ್ಟಾಣೆ ನೋವು. ಆಮೇಲೆ, “ಸ್ಟ್ರಿಪ್ ಕೈಯಲ್ಲಿ ಹಿಡ್ಕೊಂಡು ಎಷ್ಟು ಮಾತ್ರೆ ಉಳಿದಿದೆ ಎಣಿಸಿ ಹೇಳಿ.” ಈ ಒಂದು ಪ್ರಶ್ನೆ ಉಳಿದೆಲ್ಲಕ್ಕಿಂತ ಹೆಚ್ಚು ನಿಜ ಹೇಳುತ್ತದೆ.

ಹತ್ತಕ್ಕೆ ಹತ್ತೂ ಹಾಗೇ ಇದ್ದರೆ ಬೈಯಬೇಡಿ. ತಿಂಡಿ ಆಗಿದೆಯಾ, ವಾಂತಿ ಇಲ್ಲವಾ, ಬೇರೆ ಮಾತ್ರೆ ಏನಾದರೂ ನುಂಗಿದ್ದಾರಾ ಅಂತ ಕೇಳಿಕೊಳ್ಳಿ. ಎಲ್ಲ ಸರಿ ಇದ್ದರೆ ಒಂದು ಮಾತ್ರೆ ಈಗಲೇ ತಗೊಳ್ಳಲು ಹೇಳಿ, ಮತ್ತೆ ನೀವು ಫೋನ್ ಇಡಬೇಡಿ. ಅವರು ಸೊಸೆಯನ್ನು ಕೂಗಿ ನೀರು ತರಿಸುತ್ತಾರೆ, ಲೋಟ ಕೆಳಗಿಟ್ಟ ಸದ್ದು ಬರುವ ತನಕ ಲೈನಿನಲ್ಲೇ ಇರಿ.